ಸಾಲ್ಮೊನೆಲ್ಲಾ ವರ್ಗೀಕರಣ: ಕಾಲೊನಿಯಿಂದ ಸೀರೋವಾರ್ ಹೆಸರಿನವರೆಗೆ

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಗಳ ಕುಲವನ್ನು ಓದಲು ಕುಳಿತವರು ಮೊದಲು ಎಡವುವುದು ಹೆಸರುಗಳಲ್ಲೇ. ಈ ಕುಲದಲ್ಲಿ ಇರುವುದು ಎರಡೇ ಪ್ರಭೇದ ಎನ್ನುತ್ತದೆ ಒಂದು ಪುಸ್ತಕ. ಎರಡೂವರೆ ಸಾವಿರಕ್ಕೂ ಹೆಚ್ಚು ಬಗೆಗಳಿವೆ ಎನ್ನುತ್ತದೆ ಇನ್ನೊಂದು. ಆಸ್ಪತ್ರೆಯ ವರದಿಯಲ್ಲಿ ಸಾಲ್ಮೊನೆಲ್ಲಾ ಟೈಫಿ ಎಂದು ಪ್ರಭೇದದ ಹಾಗೆಯೇ ಕಾಣುವ ಹೆಸರು ಇರುತ್ತದೆ. ಮೂರೂ ಸರಿಯೇ, ಒಂದೊಂದು ಒಂದೊಂದು ಮಟ್ಟದ ಮಾತು, ಅಷ್ಟೆ.

ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು, ಆಸ್ಪತ್ರೆ ಮತ್ತು ಆಹಾರ ಪರೀಕ್ಷಾಲಯಗಳ ತಂತ್ರಜ್ಞರು, ಪಶುವೈದ್ಯಕೀಯ ಓದುವವರು ಇದನ್ನು ಕೈಪಿಡಿಯಂತೆ ಬಳಸಬಹುದು. ನಾನು ಒತ್ತಿ ಹೇಳುವುದು ಒಂದನ್ನೇ: ಸೀರಂ (ಗೊತ್ತಿರುವ ಪ್ರತಿಕಾಯಗಳುಳ್ಳ ದ್ರವ) ಸೀಸೆಗೆ ಕೈ ಹಾಕುವ ಮೊದಲು ಜೀವರಾಸಾಯನಿಕ ಪರೀಕ್ಷೆಗಳು ಮುಗಿದಿರಬೇಕು. ಈ ಕುಲದ ತಪ್ಪು ವರದಿಗಳಲ್ಲಿ ಹೆಚ್ಚಿನವು ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ಹುಟ್ಟುತ್ತವೆ.

ಮೊದಲು ಹೆಸರಿನ ಮೆಟ್ಟಿಲುಗಳು

1885ರಲ್ಲಿ ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಮತ್ತು ಅವರ ಸಹಾಯಕ ಥಿಯೊಬಾಲ್ಡ್ ಸ್ಮಿತ್ ಹಂದಿಗಳ ಕಾಲರಾ ರೋಗಕ್ಕೆ ಕಾರಣ ಎಂದು ಒಂದು ದಂಡಾಣುವನ್ನು ವರ್ಣಿಸಿದರು. ಆ ರೋಗಕ್ಕೆ ನಿಜವಾದ ಕಾರಣ ವೈರಸ್ ಎಂಬುದು ಆಮೇಲೆ ತಿಳಿಯಿತು. ಆದರೆ ದಂಡಾಣುವಿನ ಕುಲಕ್ಕೆ 1900ರಲ್ಲಿ ಲಿನ್ಯೇರ್ ಇಟ್ಟ ಸಾಲ್ಮೊನೆಲ್ಲಾ ಎಂಬ ಹೆಸರು ಉಳಿದುಕೊಂಡಿತು. ಪ್ರಯೋಗಾಲಯದ ಕೆಲಸವೆಲ್ಲ ಸ್ಮಿತ್ ಅವರದು, ಹೆಸರು ಮೇಲಧಿಕಾರಿಯದು. ವಿಜ್ಞಾನದಲ್ಲಿ ಇದೇನೂ ಹೊಸದಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರೂಸ್ ವೈಟ್ ಮತ್ತು ಫ್ರಿಟ್ಸ್ ಕೌಫ್‌ಮನ್ ಪ್ರತಿಜನಕಗಳನ್ನು (ಪ್ರತಿಕಾಯಗಳು ಗುರುತಿಸಿ ಅಂಟಿಕೊಳ್ಳುವ, ಜೀವಕೋಶದ ಹೊರಭಾಗದ ಅಣುಗಳನ್ನು) ಆಧರಿಸಿ ಈ ಕುಲದ ಸದಸ್ಯರನ್ನು ಪಟ್ಟಿ ಮಾಡಿದರು. ಪ್ರತಿಯೊಂದು ಪ್ರತಿಜನಕ ಸೂತ್ರವೂ ಒಂದು ಪ್ರಭೇದ ಎಂಬುದು ಕೌಫ್‌ಮನ್ ನಿಲುವು. ಹಾಗಾಗಿ ಪ್ರಭೇದಗಳ ಸಂಖ್ಯೆ ಸಾವಿರ ದಾಟಿತು. 1970ರ ದಶಕದಲ್ಲಿ ಡಿಎನ್‌ಎ ಹೋಲಿಕೆ ನಡೆಸಿದಾಗ ಈ ಸಾವಿರಾರು "ಪ್ರಭೇದ"ಗಳು ಒಂದಕ್ಕೊಂದು ಅತ್ಯಂತ ಹತ್ತಿರದವು ಎಂಬುದು ಸ್ಪಷ್ಟವಾಯಿತು. 1987ರಲ್ಲಿ ಲ ಮಿನೋರ್ ಮತ್ತು ಪೊಪಾಫ್ ಎಲ್ಲಕ್ಕೂ ಸಾಲ್ಮೊನೆಲ್ಲಾ ಎಂಟೆರಿಕಾ ಎಂಬ ಒಂದೇ ಹೆಸರನ್ನು ಸೂಚಿಸಿದರು. ಟೈಫಾಯಿಡ್ ಜೀವಿಯ ಹೆಸರು ಅದರಲ್ಲಿ ಮುಳುಗಿಹೋದರೆ ವೈದ್ಯರಿಗೆ ಅಪಾಯದ ಅರಿವು ತಪ್ಪೀತು ಎಂಬ ಆಕ್ಷೇಪದಿಂದ ಅದು ಆಗ ಒಪ್ಪಿಗೆ ಪಡೆಯಲಿಲ್ಲ. ನಾಮಕರಣದ ನ್ಯಾಯಿಕ ಆಯೋಗ ಅದನ್ನು ಅಧಿಕೃತಗೊಳಿಸಿದ್ದು 2005ರಲ್ಲಿ.

ಇಂದಿನ ಸ್ಥಿತಿ ಹೀಗಿದೆ. ಗಣ ಎಂಟೆರೊಬ್ಯಾಕ್ಟೀರೇಲ್ಸ್, ಕುಟುಂಬ ಎಂಟೆರೊಬ್ಯಾಕ್ಟೀರಿಯೇಸೀ, ಕುಲ ಸಾಲ್ಮೊನೆಲ್ಲಾ. ಪ್ರಭೇದಗಳು ಎರಡು: ಎಂಟೆರಿಕಾ, ಮತ್ತು ಆಫ್ರಿಕದ ಚಾಡ್ ದೇಶದ ಬೊಂಗೋರ್ ಊರಿನಿಂದ ಹೆಸರು ಪಡೆದ ಬೊಂಗೋರಿ. ಎಂಟೆರಿಕಾದಲ್ಲಿ ಆರು ಉಪಪ್ರಭೇದಗಳು: ಎಂಟೆರಿಕಾ (1), ಸಲಾಮೇ (2), ಅರಿಜೋನೇ (3ಎ), ಡೈಅರಿಜೋನೇ (3ಬಿ), ಹೌಟೆನೇ (4), ಇಂಡಿಕಾ (6). ಐದು ಎಲ್ಲಿ ಹೋಯಿತು ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ಐದನೆಯದಾಗಿದ್ದದ್ದೇ ಬೊಂಗೋರಿ, ಅದು ಪ್ರತ್ಯೇಕ ಪ್ರಭೇದವಾಗಿ ಹೊರಗೆ ಹೋದ ಮೇಲೆ ಅದರ ಸಂಖ್ಯೆಯನ್ನು ಬೇರೆ ಯಾವುದಕ್ಕೂ ಕೊಡಲಿಲ್ಲ. ಸಬ್‌ಟೆರೇನಿಯಾ ಎಂಬ ಮೂರನೆಯ ಪ್ರಭೇದವನ್ನು ಹಳೆಯ ಟಿಪ್ಪಣಿಗಳಲ್ಲಿ ಕಂಡರೆ ಹೊಡೆದುಹಾಕಿ. ಅದು ಈಗ ಅಟ್ಲಾಂಟಿಬ್ಯಾಕ್ಟರ್ ಎಂಬ ಬೇರೆ ಕುಲಕ್ಕೆ ಸೇರಿದೆ.

ಉಪಪ್ರಭೇದದ ಕೆಳಗಿನ ಮೆಟ್ಟಿಲು ಸೀರೋವಾರ್, ಅಂದರೆ ಪ್ರತಿಜನಕಗಳಿಂದ ಗುರುತಿಸುವ ಬಗೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ 2007ರಲ್ಲಿ ಹೊರತಂದ 9ನೆಯ ಆವೃತ್ತಿಯ ಪಟ್ಟಿಯಲ್ಲಿ ಒಟ್ಟು 2,579 ಸೀರೋವಾರ್‌ಗಳಿವೆ. ಅವುಗಳಲ್ಲಿ 1,531 ಉಪಪ್ರಭೇದ 1ಕ್ಕೆ ಸೇರಿದವು. ಬೊಂಗೋರಿಯದು ಬರೀ 22. ಮನುಷ್ಯರು ಮತ್ತು ಬಿಸಿರಕ್ತದ ಪ್ರಾಣಿಗಳಿಂದ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಉಪಪ್ರಭೇದ 1. ಉಳಿದವುಗಳ ಮನೆ ಹಾವು, ಹಲ್ಲಿ, ಆಮೆಗಳಂಥ ಶೀತರಕ್ತದ ಪ್ರಾಣಿಗಳು ಮತ್ತು ಪರಿಸರ.

ಹಂತ 1: ಶುದ್ಧ ಕಾಲೊನಿ

ಮಲದಂಥ ಮಾದರಿಯಲ್ಲಿ ಬೇರೆ ಬ್ಯಾಕ್ಟೀರಿಯಗಳ ನಡುವೆ ಸಾಲ್ಮೊನೆಲ್ಲಾ ಬೆರಳೆಣಿಕೆಯಷ್ಟಿರಬಹುದು. ಆದ್ದರಿಂದ ನೇರವಾಗಿ ಮ್ಯಾಕ್‌ಕಾಂಕಿ ಮತ್ತು ಎಕ್ಸ್‌ಎಲ್‌ಡಿ (ಝೈಲೋಸ್-ಲೈಸಿನ್-ಡಿಆಕ್ಸಿಕೋಲೇಟ್) ಅಗರ್ ಪ್ಲೇಟುಗಳಿಗೆ ಹಾಕುವುದರ ಜೊತೆಗೆ ಸೆಲೆನೈಟ್ ಅಥವಾ ಟೆಟ್ರಾಥಯೊನೇಟ್ ಬ್ರಾತ್‌ಗೂ (ದ್ರವ ಮಾಧ್ಯಮಕ್ಕೂ) ಹಾಕಿ, ಮರುದಿನ ಅದರಿಂದ ಮತ್ತೆ ಪ್ಲೇಟು ಮಾಡಬೇಕು. ಆಹಾರದ ಮಾದರಿಯಾದರೆ ಇದಕ್ಕೂ ಹಿಂದೆ ಇನ್ನೊಂದು ಹೆಜ್ಜೆಯಿದೆ. ಹೆಪ್ಪುಗಟ್ಟಿದ, ಒಣಗಿದ, ಬೇಯಿಸಿದ ಪದಾರ್ಥಗಳಲ್ಲಿ ಜೀವಿಗಳು ಜಖಂಗೊಂಡಿರುತ್ತವೆ. ಮೊದಲು ಬಫರ್ಡ್ ಪೆಪ್ಟೋನ್ ನೀರಿನಲ್ಲಿ 18 ಗಂಟೆ ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ ರಾಪಪೋರ್ಟ್-ವಸಿಲಿಯಾಡಿಸ್ ಮಾಧ್ಯಮಕ್ಕೆ ವರ್ಗಾಯಿಸಿ 41.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸುತ್ತಾರೆ. ಐಎಸ್‌ಒ 6579 ಮಾನಕದ ದಾರಿಯೂ ಇದೇ. ಈ ಮಾಧ್ಯಮ ಟೈಫಿಯನ್ನು ಹತ್ತಿಕ್ಕುತ್ತದೆ ಎಂಬುದು ನೆನಪಿರಲಿ. ಟೈಫಾಯಿಡ್ ಹುಡುಕುವವರು ಇದೊಂದನ್ನೇ ನಂಬಿ ಕೂರಬಾರದು. ಆ ಜ್ವರದ ಮೊದಲ ವಾರದಲ್ಲಿ ರಕ್ತದ ಕಲ್ಚರ್‌ಗೆ ಸಾಟಿಯಿಲ್ಲ.

ಎಕ್ಸ್‌ಎಲ್‌ಡಿ ಮೇಲೆ ನಸುಗೆಂಪು ಕಾಲೊನಿ, ನಡುವೆ ಕಪ್ಪು ಬೊಟ್ಟು: ಇದು ಪಠ್ಯಪುಸ್ತಕದ ಚಿತ್ರ. ಟೈಫಾಯಿಡ್‌ನಂಥ ಜ್ವರ ತರುವ ಪ್ಯಾರಾಟೈಫಿ ಎ ಬಹುಮಟ್ಟಿಗೆ ಕಪ್ಪಾಗುವುದಿಲ್ಲ. ಮ್ಯಾಕ್‌ಕಾಂಕಿ ಮೇಲೆ ಸಾಲ್ಮೊನೆಲ್ಲಾ ಬಣ್ಣವಿಲ್ಲದ ಕಾಲೊನಿ, ಏಕೆಂದರೆ ಅದು ಲ್ಯಾಕ್ಟೋಸನ್ನು ಹುದುಗಿಸುವುದಿಲ್ಲ. ಆದರೆ ಉಪಪ್ರಭೇದ 3ಬಿಯ ಬಹುಪಾಲು ತಳಿಗಳು ಲ್ಯಾಕ್ಟೋಸನ್ನು ಹುದುಗಿಸಿ ಇ. ಕೋಲಿಯಂತೆ ಗುಲಾಬಿಯಾಗಿ ಕಾಣುತ್ತವೆ, ಕಸದ ಬುಟ್ಟಿಗೂ ಹೋಗುತ್ತವೆ. ಹಾವು, ಹಲ್ಲಿ ಸಾಕುವವರ ಮಾದರಿ ಬಂದರೆ ಬಿಸ್ಮತ್ ಸಲ್ಫೈಟ್ ಅಗರ್ ಸೇರಿಸಿ. ಅದರ ಮೇಲಿನ ಲೋಹದ ಹೊಳಪಿನ ಕಪ್ಪಿಗೆ ಲ್ಯಾಕ್ಟೋಸಿನ ಹಂಗಿಲ್ಲ.

ಅನುಮಾನದ ಕಾಲೊನಿಯನ್ನು ನ್ಯೂಟ್ರಿಯೆಂಟ್ ಅಗರ್ ಮೇಲೆ ಮತ್ತೊಮ್ಮೆ ಗೆರೆ ಎಳೆದು ಶುದ್ಧ ಮಾಡಿಕೊಳ್ಳಿ. ಆಯ್ದ ಮಾಧ್ಯಮದ ಮೇಲೆ ಒಂಟಿಯಾಗಿ ಕಾಣುವ ಕಾಲೊನಿಯ ಕೆಳಗೆ ಹತ್ತಿಕ್ಕಲ್ಪಟ್ಟ ಬೇರೆ ಜೀವಿಗಳು ಬದುಕಿಯೇ ಇರುತ್ತವೆ. ಒಂದು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಸುರಕ್ಷತೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪ್ರಯೋಗಾಲಯದಲ್ಲಿ ಸೋಂಕು ತಗುಲಿಸುವುದರಲ್ಲಿ ಟೈಫಿ ಹೆಸರುವಾಸಿ. ಜೈವಿಕ ಸುರಕ್ಷತೆಯ 2ನೆಯ ಮಟ್ಟದ ಸೌಕರ್ಯವಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ತುಂತುರು ಏಳುವ ಕೆಲಸವನ್ನು ಕ್ಯಾಬಿನೆಟ್ ಒಳಗೆ ಮಾಡಿ, ಟೈಫಾಯಿಡ್ ಲಸಿಕೆ ಹಾಕಿಸಿಕೊಳ್ಳಿ.

ಹಂತ 2: ಇದು ಸಾಲ್ಮೊನೆಲ್ಲಾ ಹೌದೇ?

ಗ್ರಾಂ ಬಣ್ಣಕ್ಕೆ ಕೆಂಪಾಗುವ ದಂಡಾಣು, ಆಕ್ಸಿಡೇಸ್ ಋಣ (ನೆಗೆಟಿವ್), ಕೆಟಲೇಸ್ ಧನ (ಪಾಸಿಟಿವ್). ಇಷ್ಟರಿಂದ ಕುಟುಂಬ ಗೊತ್ತಾಯಿತು. ಕುಲಕ್ಕಾಗಿ ಕನಿಷ್ಠ ಐದು ಕೊಳವೆಗಳು ಬೇಕು: ಟಿಎಸ್‌ಐ (ಮೂರು ಸಕ್ಕರೆ ಮತ್ತು ಕಬ್ಬಿಣವಿರುವ ಓರೆ ಅಗರ್), ಯೂರಿಯಾ, ಇಂಡೋಲ್, ಸಿಟ್ರೇಟ್, ಲೈಸಿನ್.

ಟಿಎಸ್‌ಐ ಕೊಳವೆಯನ್ನು 18ರಿಂದ 24 ಗಂಟೆಗಳೊಳಗೆ ಓದಿ. ಓರೆ ಭಾಗ ಕೆಂಪು, ತಳ ಹಳದಿ, ಅದರ ಮೇಲೆ ಹೈಡ್ರೋಜನ್ ಸಲ್ಫೈಡಿನ ಕಪ್ಪು, ಅನಿಲದಿಂದ ಬಿರುಕು ಬಿಟ್ಟ ಅಗರ್: ಇದು ಸಾಮಾನ್ಯ ಸಾಲ್ಮೊನೆಲ್ಲಾ. ಟೈಫಿ ಅನಿಲ ಮಾಡುವುದಿಲ್ಲ, ಓರೆ ಮತ್ತು ತಳ ಸೇರುವ ಜಾಗದಲ್ಲಿ ಕಪ್ಪು ಒಂದು ಎಳೆಯಷ್ಟೇ ಇರುತ್ತದೆ. ಪ್ಯಾರಾಟೈಫಿ ಎ ಅನಿಲ ಮಾಡುತ್ತದೆ, ಕಪ್ಪು ಸಾಮಾನ್ಯವಾಗಿ ಇರುವುದಿಲ್ಲ. ಯೂರಿಯಾ ಗುಲಾಬಿಯಾದರೆ ಅದು ಸಾಲ್ಮೊನೆಲ್ಲಾ ಅಲ್ಲ, ಬಹುಶಃ ಪ್ರೋಟಿಯಸ್, ಅಲ್ಲಿಗೇ ನಿಲ್ಲಿಸಿ. ಇಂಡೋಲ್ ಋಣ ಇರಬೇಕು. ಸಿಟ್ರೇಟ್ ಸಾಮಾನ್ಯವಾಗಿ ಧನ. ಟೈಫಿ ಮತ್ತು ಪ್ಯಾರಾಟೈಫಿ ಎ ಋಣ. ಲೈಸಿನ್ ಡಿಕಾರ್ಬಾಕ್ಸಿಲೇಸ್ ಧನ. ಪ್ಯಾರಾಟೈಫಿ ಎ ಇಲ್ಲೂ ಹೊರತು. ಆರ್ನಿಥಿನ್ ಹೆಚ್ಚಿನವುಗಳಲ್ಲಿ ಧನ, ಟೈಫಿಯಲ್ಲಿ ಋಣ.

ಹೀಗೆ ನೋಡಿದರೆ ಮನುಷ್ಯನಿಗೆ ಅತ್ಯಂತ ಅಪಾಯಕಾರಿಯಾದ ಎರಡು ಸೀರೋವಾರ್‌ಗಳೇ ಪಠ್ಯದ ಮಾದರಿಗೆ ಅತಿ ಕಡಿಮೆ ಹೊಂದುತ್ತವೆ. ಕುಲದ ಸಾಮಾನ್ಯ ಲಕ್ಷಣಗಳನ್ನಷ್ಟೇ ಬಾಯಿಪಾಠ ಮಾಡಿದವರು ಅವುಗಳನ್ನೇ ಕೈಬಿಡುತ್ತಾರೆ.

ಅತಿ ಹೆಚ್ಚು ಮೋಸ ಮಾಡುವ ನೆಂಟ ಸಿಟ್ರೋಬ್ಯಾಕ್ಟರ್ ಫ್ರಾಯಿಂಡಿ. ಎಕ್ಸ್‌ಎಲ್‌ಡಿ ಮೇಲೂ ಟಿಎಸ್‌ಐಯಲ್ಲೂ ಅದು ಸಾಲ್ಮೊನೆಲ್ಲಾದಂತೆ ಕಪ್ಪಾಗಬಹುದು. ಅದರ ಕೆಲವು ತಳಿಗಳ ಮೇಲೆ ಟೈಫಿಯ ಹೊರಪದರದಲ್ಲಿರುವ ವಿಐ ಪ್ರತಿಜನಕವೇ ಇರುತ್ತದೆ. ಜೀವರಾಸಾಯನಿಕ ಪರೀಕ್ಷೆ ಬಿಟ್ಟು ನೇರ ಸೀರಂಗೆ ಹೋದವರು ಇದನ್ನು ಟೈಫಿ ಎಂದು ಬರೆಯುವ ಸಂಭವವಿದೆ. ಲೈಸಿನ್ ಋಣ, ಒಎನ್‌ಪಿಜಿ (ಲ್ಯಾಕ್ಟೋಸ್ ಒಡೆಯುವ ಕಿಣ್ವದ ಪರೀಕ್ಷೆ) ಧನ ಎಂಬ ಎರಡು ಫಲಿತಾಂಶಗಳು ಅದರ ಬಣ್ಣ ಬಯಲು ಮಾಡುತ್ತವೆ.

ಹಂತ 3: ಉಪಪ್ರಭೇದ

ಆಸ್ಪತ್ರೆಯ ಲ್ಯಾಬುಗಳಲ್ಲಿ ಈ ಹಂತವನ್ನು ಹಾರಿಸುವುದೇ ರೂಢಿ. ರೋಗಿಗಳಿಂದ ಬರುವುದೆಲ್ಲ ಉಪಪ್ರಭೇದ 1 ಎಂಬ ಊಹೆ ಬಹುಮಟ್ಟಿಗೆ ನಿಜವೂ ಹೌದು. ಆದರೆ ಒಂದೇ ಪ್ರತಿಜನಕ ಸೂತ್ರ ಬೇರೆ ಬೇರೆ ಉಪಪ್ರಭೇದಗಳಲ್ಲಿ ಕಾಣಿಸಿಕೊಳ್ಳಬಹುದು. ಕುಲ ಖಚಿತವಾದ ಮೇಲೆ ಪರಿಸರ, ಸರೀಸೃಪ, ಆಹಾರದ ಮಾದರಿಗಳಲ್ಲಾದರೂ ಇದನ್ನು ಮಾಡಲೇಬೇಕು.

ಡಲ್ಸಿಟಾಲ್, ಮೆಲೊನೇಟ್, ಜೆಲಟಿನ್, ಒಎನ್‌ಪಿಜಿ, ಸಾರ್ಬಿಟಾಲ್, ಸ್ಯಾಲಿಸಿನ್, ಗ್ಯಾಲಕ್ಟುರೊನೇಟ್ ಕೊಳವೆಗಳನ್ನು ಒಟ್ಟಿಗೆ ಹಾಕಿ, ಓದುವಾಗ ಮೆಲೊನೇಟ್ ಮತ್ತು ಜೆಲಟಿನ್‌ಗಳಿಂದ ಆರಂಭಿಸಿ.

ಎರಡೂ ಋಣವಾದರೆ ಉಳಿಯುವುದು ಎರಡೇ ಸಾಧ್ಯತೆ. ಒಎನ್‌ಪಿಜಿ ಋಣ, ಗ್ಯಾಲಕ್ಟುರೊನೇಟ್ ಋಣವಾದರೆ ಉಪಪ್ರಭೇದ 1. ಎರಡೂ ಧನವಾದರೆ ಬೊಂಗೋರಿ. ಮೆಲೊನೇಟ್ ಮತ್ತು ಜೆಲಟಿನ್ ಎರಡೂ ಧನವಾದರೆ ಡಲ್ಸಿಟಾಲ್ ನೋಡಿ: ಧನವಿದ್ದರೆ ಸಲಾಮೇ, ಋಣವಿದ್ದು ಒಎನ್‌ಪಿಜಿ ಧನವಿದ್ದರೆ ಅರಿಜೋನೇ ಅಥವಾ ಡೈಅರಿಜೋನೇ. ಇವೆರಡನ್ನು ಬೇರೆ ಮಾಡುವುದು ಗ್ಯಾಲಕ್ಟುರೊನೇಟ್. 3ಎ ಋಣ, 3ಬಿ ಧನ. ಜೆಲಟಿನ್ ಧನ, ಮೆಲೊನೇಟ್ ಋಣವಾದರೆ ಹೌಟೆನೇ ಅಥವಾ ಇಂಡಿಕಾ. ಹೌಟೆನೇ ಸಾರ್ಬಿಟಾಲ್ ಮತ್ತು ಸ್ಯಾಲಿಸಿನ್ ಎರಡನ್ನೂ ಹುದುಗಿಸುತ್ತದೆ, ಇಂಡಿಕಾ ಎರಡನ್ನೂ ಮುಟ್ಟುವುದಿಲ್ಲ.

ಹಳೆಯ ಕೋಷ್ಟಕಗಳಲ್ಲಿ ಪೊಟ್ಯಾಸಿಯಂ ಸಯನೈಡ್ ಮಾಧ್ಯಮದ ಪರೀಕ್ಷೆಯೂ ಇದೆ. ಹೌಟೆನೇ ಮತ್ತು ಬೊಂಗೋರಿ ಅದರಲ್ಲಿ ಬೆಳೆಯುತ್ತವೆ. ಮೇಲಿನ ಪರೀಕ್ಷೆಗಳೇ ಆ ಎರಡನ್ನು ಗುರುತಿಸಿಕೊಡುವಾಗ ವಿದ್ಯಾರ್ಥಿಗಳ ಕೈಗೆ ಸಯನೈಡ್ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಜೆಲಟಿನ್ ಕೊಳವೆಯ ವಿಷಯದಲ್ಲಿ ಅವಸರ ಬೇಡ, ಅದು ನಿಧಾನ. ಇನ್ನು ಉಪಪ್ರಭೇದ 1 ಡಲ್ಸಿಟಾಲನ್ನು ಹುದುಗಿಸುತ್ತದೆ ಎಂಬ ನಿಯಮಕ್ಕೆ ಟೈಫಿ, ಕೋಲೆರೇಸೂಯಿಸ್ ಮೊದಲಾದವು ಸಾಮಾನ್ಯವಾಗಿ ಒಳಪಡುವುದಿಲ್ಲ. ಒಂದೇ ಕೊಳವೆ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಹಂತ 4: ಓ ಪ್ರತಿಜನಕ

ಗ್ರಾಂ ಋಣ ಬ್ಯಾಕ್ಟೀರಿಯಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಅಣುವಿದೆ. ಅದರಿಂದ ಹೊರಕ್ಕೆ ಚಾಚಿದ ಸಕ್ಕರೆಗಳ ಸರಪಳಿಯೇ ಓ ಪ್ರತಿಜನಕ. ಮ್ಯಾನೋಸ್, ರ‍್ಯಾಮ್ನೋಸ್, ಗ್ಯಾಲಕ್ಟೋಸ್ ಇರುವ ಒಂದೇ ಬಗೆಯ ಬೆನ್ನೆಲುಬಿಗೆ ಅಬೆಕ್ವೋಸ್ ಎಂಬ ಸಕ್ಕರೆ ಅಂಟಿಕೊಂಡರೆ ಓ:4, ಟೈವೆಲೋಸ್ ಅಂಟಿಕೊಂಡರೆ ಓ:9, ಪ್ಯಾರಾಟೋಸ್ ಅಂಟಿಕೊಂಡರೆ ಓ:2. ಈ ಮೂರರಲ್ಲೂ ಓ:12 ಸಮಾನವಾಗಿ ಇರುವುದು ಆ ಬೆನ್ನೆಲುಬಿನಿಂದಾಗಿ. ಪಟ್ಟಿಯ ಸಂಖ್ಯೆಗಳು ಮನಸ್ಸಿಗೆ ಬಂದಂತೆ ಇಟ್ಟವಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಓ ಗುಂಪುಗಳು ಒಟ್ಟು 46. ಹಿಂದೆ ಅವನ್ನು ಅಕ್ಷರಗಳಿಂದ ಕರೆಯುತ್ತಿದ್ದರು: ಓ:2 ಎಂದರೆ ಎ, ಓ:4 ಎಂದರೆ ಬಿ, ಓ:7 ಎಂದರೆ ಸಿ1, ಓ:9 ಎಂದರೆ ಡಿ1. ಅಕ್ಷರಗಳು ಮುಗಿದ ಮೇಲೆ ಸಂಖ್ಯೆಗಳೇ ಗತಿಯಾದವು. ಹಳೆಯ ಹೆಸರುಗಳು ಲ್ಯಾಬಿನ ಮಾತಿನಲ್ಲಿ ಇನ್ನೂ ಬದುಕಿವೆ.

ಕೆಲಸ ಹೀಗೆ. ಸ್ವಚ್ಛ ಸ್ಲೈಡಿನ ಮೇಲೆ ಒಂದು ಹನಿ 0.85 ಶೇಕಡ ಉಪ್ಪುನೀರು ಇಟ್ಟು, ನ್ಯೂಟ್ರಿಯೆಂಟ್ ಅಗರ್‌ನಿಂದ ತೆಗೆದ ಬೆಳೆಯನ್ನು ಅದರಲ್ಲಿ ಕಲಸಿ ನಯವಾದ, ಸಮನಾದ ದ್ರಾವಣ ಮಾಡಿಕೊಳ್ಳಿ. ಸ್ಲೈಡನ್ನು ಅತ್ತಿತ್ತ ವಾಲಿಸಿ ನೋಡಿ. ಸೀರಂ ಹಾಕುವ ಮೊದಲೇ ಕಣಗಟ್ಟಿದರೆ ಆ ತಳಿ ಒರಟು, ಅಂದರೆ ಓ ಸರಪಳಿ ಕಳೆದುಕೊಂಡದ್ದು. ಅಂಥದರ ಮೇಲೆ ಯಾವ ಸೀರಂ ಹಾಕಿದರೂ ಧನ ಎಂದೇ ಕಾಣುತ್ತದೆ, ಆ ಓದಿಗೆ ಬೆಲೆಯಿಲ್ಲ. ಬೇರೆ ನಯವಾದ ಕಾಲೊನಿ ಹುಡುಕಿ. ಸಿಗದಿದ್ದರೆ ವರದಿಯಲ್ಲಿ "ಒರಟು" ಎಂದೇ ಬರೆಯಬೇಕು.

ನಯವಾಗಿದ್ದರೆ ಬಹುಸಂಯೋಜಿತ (ಹಲವು ಓ ಗುಂಪುಗಳಿಗೆ ಒಟ್ಟಾಗಿ ಬೆರೆಸಿದ) ಓ ಸೀರಂ ಒಂದು ಹನಿ ಹಾಕಿ, ಕಲಸಿ, ಒಂದು ನಿಮಿಷದೊಳಗೆ ಓದಿ. ಧನವಾದರೆ ಹಾಲು ಒಡೆದಂತೆ ಸಣ್ಣ ಬಿಳಿ ಕಣಗಳೂ ನಡುವೆ ತಿಳಿಯಾದ ನೀರೂ ಕಾಣುತ್ತವೆ. ನಿಮಿಷ ಕಳೆದ ಮೇಲೆ ಹನಿಯ ಅಂಚು ಒಣಗಿ ಹುಟ್ಟುವ ಕಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಮೇಲೆ ಒಂಟಿ ಸೀರಂಗಳು: ಓ:4, ಓ:9, ಓ:7, ಓ:8, ಓ:3,10, ಓ:2. ಮನುಷ್ಯರಿಂದ ಬಂದ ಬಹುತೇಕ ತಳಿಗಳು ಈ ಆರರೊಳಗೇ ಸಿಗುತ್ತವೆ.

ಜೀವರಾಸಾಯನಿಕವಾಗಿ ಟೈಫಿಯಂತಿದೆ, ಓ:9 ಮಾತ್ರ ಋಣ. ಹಾಗಾದರೆ ವಿಐ ಸೀರಂ ಹಾಕಿ ನೋಡಿ. ಫೀಲಿಕ್ಸ್ ಮತ್ತು ಪಿಟ್ 1934ರಲ್ಲಿ ಗುರುತಿಸಿದ ಈ ವಿಐ ಪದರ ಜೀವಕೋಶದ ಹೊರಗೆ ಹೊದ್ದುಕೊಂಡು ಓ ಪ್ರತಿಜನಕವನ್ನು ಸೀರಂಗೆ ಕಾಣದಂತೆ ಮುಚ್ಚುತ್ತದೆ. ದ್ರಾವಣವನ್ನು ಕುದಿಯುವ ನೀರಿನಲ್ಲಿಟ್ಟು, ತಣಿಸಿ ಮತ್ತೆ ಓ:9 ಹಾಕಿದರೆ ಕಣಗಟ್ಟುತ್ತದೆ. ವಿಐ ಇದ್ದ ಮಾತ್ರಕ್ಕೆ ಟೈಫಿ ಎನ್ನಲಾಗದು. ಪ್ಯಾರಾಟೈಫಿ ಸಿ ಮತ್ತು ಡಬ್ಲಿನ್ ಸೀರೋವಾರ್‌ಗಳಲ್ಲೂ ಅದು ಇರಬಹುದು. ಸಿಟ್ರೋಬ್ಯಾಕ್ಟರ್ ಕಥೆ ಆಗಲೇ ಹೇಳಿದ್ದೇನೆ.

ನಮ್ಮ ಊರುಗಳ ಲ್ಯಾಬುಗಳಲ್ಲಿ ವಿಡಾಲ್ ಪರೀಕ್ಷೆ ತುಂಬ ಬಳಕೆಯಲ್ಲಿರುವುದರಿಂದ ಒಂದು ಮಾತು. 1896ರಷ್ಟು ಹಳೆಯದಾದ ಆ ಪರೀಕ್ಷೆಯಲ್ಲೂ ಓ, ಎಚ್ ಎಂಬ ಅಕ್ಷರಗಳೇ ಇವೆ. ಆದರೆ ಅಲ್ಲಿ ಬ್ಯಾಕ್ಟೀರಿಯ ಗೊತ್ತಿರುವುದು, ರೋಗಿಯ ಸೀರಂ ಗೊತ್ತಿಲ್ಲದ್ದು; ಇಲ್ಲಿ ಸೀರಂ ಗೊತ್ತಿರುವುದು, ಬ್ಯಾಕ್ಟೀರಿಯ ಗೊತ್ತಿಲ್ಲದ್ದು. ವಿಡಾಲ್ ಫಲಿತಾಂಶದಿಂದ ಯಾವ ತಳಿಯನ್ನೂ ವರ್ಗೀಕರಿಸಲು ಬರುವುದಿಲ್ಲ.

ಹಂತ 5: ಎಚ್ ಪ್ರತಿಜನಕದ ಎರಡು ಮುಖಗಳು

ಎಚ್ ಪ್ರತಿಜನಕ ಇರುವುದು ಕಶಾಂಗಗಳ, ಅಂದರೆ ಈಜಲು ಬಳಸುವ ಬಾಲಗಳ, ಪ್ರೋಟೀನಿನಲ್ಲಿ. ಸಾಲ್ಮೊನೆಲ್ಲಾದ ವಿಶೇಷವೆಂದರೆ ಹೆಚ್ಚಿನ ಸೀರೋವಾರ್‌ಗಳಿಗೆ ಎರಡು ಬಗೆಯ ಕಶಾಂಗ ಪ್ರೋಟೀನುಗಳಿವೆ. ಒಂದು ಹೊತ್ತಿನಲ್ಲಿ ಒಂದು ಜೀವಕೋಶ ಒಂದನ್ನೇ ತಯಾರಿಸುತ್ತದೆ. ಡಿಎನ್‌ಎಯ ಒಂದು ತುಣುಕು ಅಪರೂಪಕ್ಕೊಮ್ಮೆ ತಿರುಗುಮುರುಗಾಗಿ ಜೋಡಣೆಯಾದಾಗ ಎರಡನೆಯ ಜೀನ್ ಚಾಲೂ ಆಗಿ ಮೊದಲನೆಯದು ನಿಲ್ಲುತ್ತದೆ. ಈ ಎರಡು ಸ್ಥಿತಿಗಳನ್ನು ಮೊದಲ ಮತ್ತು ಎರಡನೆಯ ಹಂತದ ಎಚ್ ಪ್ರತಿಜನಕ ಎನ್ನುತ್ತಾರೆ. ಸೂತ್ರ ಪೂರ್ತಿಯಾಗಲು ಎರಡೂ ಬೇಕು. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಜಾಗ ಇದೇ.

ಮೊದಲು ಜೀವಿಗಳು ಚೆನ್ನಾಗಿ ಈಜುತ್ತಿರಬೇಕು. ಶೇಕಡ 0.3ರಿಂದ 0.4ರಷ್ಟು ಅಗರ್ ಇರುವ ಅರೆಗಟ್ಟಿ ಮಾಧ್ಯಮದ ಪ್ಲೇಟಿನ ಒಂದು ಬದಿಯಲ್ಲಿ ಚುಚ್ಚಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಬಿಟ್ಟು, ಹರಡಿದ ಬೆಳೆಯ ಹೊರ ಅಂಚಿನಿಂದ ತೆಗೆದುಕೊಳ್ಳಿ. ದೂರ ಹೋಗಿರುವವೇ ಹೆಚ್ಚು ಕಶಾಂಗವುಳ್ಳವು. ಸ್ಲೈಡಿನ ಮೇಲೆ ಎಚ್ ಸೀರಂ ಹಾಕಿದಾಗ ಕಾಣುವುದು ಓ ಸೀರಂನ ಬಿಗಿ ಕಣಗಳಲ್ಲ. ಸಡಿಲವಾದ, ದೊಡ್ಡ ತುಣುಕುಗಳು, ಅದೂ ಬೇಗನೆ. ಮೊದಲು ಮಿಶ್ರ ಸೀರಂ, ಆಮೇಲೆ ಒಂಟಿ. ಸೀಸೆಗಳ ಮೇಲೆ ಸಣ್ಣ ರೋಮನ್ ಅಕ್ಷರಗಳಲ್ಲಿ ಇರುವುದನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ.

ಐ ಸೀರಂಗೆ ಧನ ಬಂತು ಎಂದುಕೊಳ್ಳಿ. ಮೊದಲ ಹಂತ ಸಿಕ್ಕಿತು. ಎರಡನೆಯದನ್ನು ಹೊರತರಲು ಅರೆಗಟ್ಟಿ ಅಗರನ್ನು ಕರಗಿಸಿ, ಸುಮಾರು 45 ಡಿಗ್ರಿಗೆ ತಣಿದ ಮೇಲೆ ಅದಕ್ಕೆ ಐ ಸೀರಂ ಬೆರೆಸಿ ಸಣ್ಣ ಪ್ಲೇಟಿಗೆ ಸುರಿಯಿರಿ. ಒಂದು ಬದಿಯಲ್ಲಿ ತಳಿಯನ್ನು ಚುಚ್ಚಿ. ಐ ಕಶಾಂಗವುಳ್ಳ ಜೀವಕೋಶಗಳನ್ನು ಸೀರಂ ಕಟ್ಟಿಹಾಕುತ್ತದೆ, ಅವು ಚುಚ್ಚಿದ ಜಾಗದಲ್ಲೇ ಉಳಿಯುತ್ತವೆ. ಎರಡನೆಯ ಹಂತಕ್ಕೆ ತಿರುಗಿದ ಕೆಲವೇ ಜೀವಕೋಶಗಳು ಅಡ್ಡಿಯಿಲ್ಲದೆ ಈಜಿ ಹೊರಬರುತ್ತವೆ. ಮರುದಿನ ಆ ಅಂಚಿನಿಂದ ತೆಗೆದು 1,2 ಮೊದಲಾದ ಎರಡನೆಯ ಹಂತದ ಸೀರಂಗಳಿಗೆ ಹಾಕಿ. ಪ್ಲೇಟಿನ ಬದಲು ಕ್ರೇಗಿ ಕೊಳವೆಯಲ್ಲೂ ಇದನ್ನು ಮಾಡಬಹುದು: ದೊಡ್ಡ ಕೊಳವೆಯೊಳಗೆ ಎರಡೂ ತುದಿ ತೆರೆದ ಸಣ್ಣ ಕೊಳವೆ ಇಟ್ಟು, ಒಳಗೆ ಬಿತ್ತಿ ಹೊರಗಿನಿಂದ ತೆಗೆಯುವುದು.

ಮೊದಲ ಸಲಕ್ಕೇ ಹೊರಬರದಿದ್ದರೆ ಸೀರಂ ಪ್ರಮಾಣ ಬದಲಿಸಿ ಮತ್ತೆ ಮಾಡಿ. ಕೆಲವು ತಳಿಗಳಿಗೆ ಎರಡನೆಯ ಹಂತವೇ ಇಲ್ಲ, ಎಂಟೆರಿಟಿಡಿಸ್ ಅಂಥದು. ಗ್ಯಾಲಿನೇರಮ್‌ಗೆ ಕಶಾಂಗವೇ ಇಲ್ಲ. ಎಂಟೆರಿಟಿಡಿಸ್ ಸೇರಿದ ಜಿ ಗುಂಪಿನಲ್ಲಿ ಬರೀ ಜಿ ಎಂದು ನಿಲ್ಲಿಸಬೇಡಿ. ಜೊತೆಗೆ ಎಂ ಇದೆಯೋ ಪಿ ಇದೆಯೋ ನೋಡಬೇಕು, ಏಕೆಂದರೆ ಜಿ,ಎಂ ಆದರೆ ಎಂಟೆರಿಟಿಡಿಸ್, ಜಿ,ಪಿ ಆದರೆ ಡಬ್ಲಿನ್.

ಹಂತ 6: ಸೂತ್ರ ಬರೆದು ಪಟ್ಟಿಯಲ್ಲಿ ಹುಡುಕುವುದು

ಸೂತ್ರದಲ್ಲಿ ಮೂರು ಕೋಣೆಗಳು, ನಡುವೆ ವಿವರಣ ಚಿಹ್ನೆ. ಮೊದಲು ಓ, ಆಮೇಲೆ ಎಚ್‌ನ ಮೊದಲ ಹಂತ, ಕೊನೆಗೆ ಎರಡನೆಯ ಹಂತ. ಇಲ್ಲದಿದ್ದರೆ ಅಡ್ಡಗೆರೆ.

ಟೈಫಿಮ್ಯೂರಿಯಂ 1,4,[5],12:ಐ:1,2
ಎಂಟೆರಿಟಿಡಿಸ್ 1,9,12:ಜಿ,ಎಂ:-
ಟೈಫಿ 9,12,[ವಿಐ]:ಡಿ:-
ಪ್ಯಾರಾಟೈಫಿ ಎ 1,2,12:ಎ:[1,5]
ಇನ್‌ಫ್ಯಾಂಟಿಸ್ 6,7,14:ಆರ್:1,5
ವಿರ್ಚೋ 6,7,14:ಆರ್:1,2
ಬರೇಲಿ 6,7,14:ವೈ:1,5

ಚೌಕ ಆವರಣದೊಳಗಿನದು ಇರಬಹುದು, ಇಲ್ಲದಿರಬಹುದು. ಪುಷ್ಪಾವರಣದೊಳಗಿನವು ಒಂದಿದ್ದರೆ ಇನ್ನೊಂದಿರುವುದಿಲ್ಲ. ಪಟ್ಟಿಯಲ್ಲಿ ಅಡಿಗೆರೆ ಎಳೆದ ಸಂಖ್ಯೆಗಳು ಬ್ಯಾಕ್ಟೀರಿಯಕ್ಕೆ ಸೋಂಕು ತಗುಲಿಸುವ ಫಾಜ್ ವೈರಸ್ಸಿನಿಂದ ಬಂದ ಗುಣ. ಟೈಫಿಮ್ಯೂರಿಯಂನ 1 ಅಂಥದು. ಹಾಗಾಗಿ ನಿಮ್ಮ ತಳಿಯಲ್ಲಿ 1 ಅಥವಾ 5 ಸಿಗದಿದ್ದರೂ ಅದು ಟೈಫಿಮ್ಯೂರಿಯಮ್ಮೇ.

ಕೋಳಿಮಾಂಸದಿಂದ ಬಂದ ಒಂದು ತಳಿ ಓ:7ಕ್ಕೆ ಧನ, ಎಚ್ ಆರ್ ಧನ ಎಂದಿಟ್ಟುಕೊಳ್ಳಿ. ಇಲ್ಲಿಗೆ ನಿಲ್ಲಿಸಿದರೆ ಅದು ಇನ್‌ಫ್ಯಾಂಟಿಸೋ ವಿರ್ಚೋವೋ ಹೇಳಲು ಬರುವುದಿಲ್ಲ. ಎರಡನೆಯ ಹಂತದಲ್ಲಿ 5 ಇದೆಯೇ 2 ಇದೆಯೇ ಎಂಬ ಒಂದು ಅಂಕಿಯ ಮೇಲೆ ಹೆಸರು ನಿಂತಿದೆ. ಸಮಯವಿಲ್ಲವೆಂದು ಹಂತ ತಿರುಗಿಸುವುದನ್ನು ಬಿಟ್ಟು, "ಸಾಮಾನ್ಯವಾಗಿ ಸಿಗುವುದು ಇದೇ" ಎಂದು ಹೆಸರು ಬರೆಯುವ ಅಭ್ಯಾಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಓ:7, ಎಚ್:ಆರ್ ಎಂದಷ್ಟೇ ಬರೆದ ವರದಿ ಅದಕ್ಕಿಂತ ಪ್ರಾಮಾಣಿಕ.

ಹೆಸರುಳ್ಳ ಸೀರೋವಾರ್‌ಗಳು ಈಗ ಉಪಪ್ರಭೇದ 1ರಲ್ಲಿ ಮಾತ್ರ. ಹೊಸ ಸೀರೋವಾರ್‌ಗೆ ಅದು ಮೊದಲು ಸಿಕ್ಕಿದ ಊರಿನ ಹೆಸರಿಡುವ ಪದ್ಧತಿಯಿಂದ ನಮ್ಮ ಉತ್ತರ ಪ್ರದೇಶದ ಬರೇಲಿಯೂ ಅಲ್ಲಿದೆ. ಉಳಿದ ಉಪಪ್ರಭೇದಗಳಿಗೆ ಸೂತ್ರವೇ ಹೆಸರು. ಇಗ್ವಾನಾ ಸಾಕುವ ಮನೆಗಳಲ್ಲಿ ಕಾಣಿಸಿಕೊಳ್ಳುವ, ಹಿಂದೆ ಮರೀನಾ ಎನ್ನುತ್ತಿದ್ದ ಸೀರೋವಾರ್ ಈಗ 4 48:ಜಿ,ಝಡ್51:- ಅಷ್ಟೇ (ಮೊದಲ 4 ಉಪಪ್ರಭೇದದ ಸಂಖ್ಯೆ).

ಸೂತ್ರ ಒಂದೇ, ಜೀವಿ ಬೇರೆ

ಸೀರಂ ಒಂದರಿಂದಲೇ ಎಲ್ಲವೂ ತೀರ್ಮಾನವಾಗುತ್ತದೆ ಎನ್ನುವವರಿಗೆ 6,7:ಸಿ:1,5 ಎಂಬ ಸೂತ್ರ ತೋರಿಸಿ. ಪ್ಯಾರಾಟೈಫಿ ಸಿ, ಕೋಲೆರೇಸೂಯಿಸ್, ಟೈಫಿಸೂಯಿಸ್ ಮೂರೂ ಅಲ್ಲೇ ಬಂದು ನಿಲ್ಲುತ್ತವೆ. ಒಂದು ಮನುಷ್ಯರ ಜ್ವರ, ಉಳಿದವು ಹಂದಿಗಳ ರೋಗ. ಡಲ್ಸಿಟಾಲ್, ಟಾರ್ಟ್ರೇಟ್, ಮ್ಯೂಕೇಟ್, ಹೈಡ್ರೋಜನ್ ಸಲ್ಫೈಡ್ ನೋಡದೆ ಬೇರೆ ಮಾಡಲಾಗದು.

ಪ್ಯಾರಾಟೈಫಿ ಬಿ ಇನ್ನೊಂದು. ಅದೇ ಸೂತ್ರದ ಜಾವಾ ಬಗೆ ಸಾಮಾನ್ಯವಾಗಿ ಹೊಟ್ಟೆ ಕೆಡಿಸುತ್ತದೆ ಅಷ್ಟೆ, ಟಾರ್ಟ್ರೇಟನ್ನು ಬಳಸಿಕೊಳ್ಳುತ್ತದೆ. ಪ್ಯಾರಾಟೈಫಾಯಿಡ್ ಜ್ವರ ತರುವ ಬಗೆ ಬಳಸಿಕೊಳ್ಳುವುದಿಲ್ಲ, ಒಂದು ಜೀನಿನ ಆರಂಭದ ಕೋಡಾನಿನಲ್ಲಿ ಒಂದೇ ಅಕ್ಷರ ಬದಲಾದದ್ದರಿಂದ. ಕೋಳಿಗಳಲ್ಲಿ ಗ್ಯಾಲಿನೇರಮ್ ಮತ್ತು ಪುಲ್ಲೋರಮ್ ಎರಡಕ್ಕೂ 1,9,12:-:- ಸೂತ್ರ. ಡಲ್ಸಿಟಾಲ್ ಧನ, ಆರ್ನಿಥಿನ್ ಋಣವಾದರೆ ಗ್ಯಾಲಿನೇರಮ್. ಇದರ ತದ್ವಿರುದ್ಧ ಪುಲ್ಲೋರಮ್.

ಇನ್ನು 4,[5],12:ಐ:- ಎಂಬುದು. ಇದು ಎರಡನೆಯ ಹಂತ ಕಳೆದುಕೊಂಡ ಟೈಫಿಮ್ಯೂರಿಯಂ ಆಗಿರಬಹುದು, ಅಥವಾ ನಿಮ್ಮ ಪ್ಲೇಟಿನಲ್ಲಿ ಹಂತ ತಿರುಗದೆ ಉಳಿದ ಮಾಮೂಲಿ ಟೈಫಿಮ್ಯೂರಿಯಂ ಆಗಿರಬಹುದು. ಎರಡನೆಯ ಹಂತದ ಜೀನ್ ಇದೆಯೇ ಎಂದು ಪಿಸಿಆರ್‌ನಲ್ಲಿ ನೋಡುವುದೇ ಖಚಿತ ದಾರಿ.

ಹಂತ 7: ಜೀನೋಮ್

2001ರಲ್ಲಿ ಟೈಫಿ ಮತ್ತು ಟೈಫಿಮ್ಯೂರಿಯಂ ಜೀನೋಮುಗಳು ಒಟ್ಟಿಗೆ ಪ್ರಕಟವಾದವು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ 2015ರ ಏಪ್ರಿಲ್‌ನಿಂದ ಸಾಲ್ಮೊನೆಲ್ಲಾಗೆ ಸೀರಂ ಬಿಟ್ಟು ಪೂರ್ಣ ಜೀನೋಮ್ ಓದುವುದನ್ನೇ ದಿನನಿತ್ಯದ ವಿಧಾನ ಮಾಡಿಕೊಂಡಿತು.

ಅನುಕ್ರಮ ಕೈಗೆ ಬಂದ ಮೇಲೆ ಮೊದಲು ಗಾತ್ರ ನೋಡಿ. ಸಾಲ್ಮೊನೆಲ್ಲಾ ಜೀನೋಮ್ 48 ಲಕ್ಷ ಬೇಸ್ ಜೋಡಿಗಳ ಆಸುಪಾಸು ಇರುತ್ತದೆ. ಅದರ ಎರಡರಷ್ಟು ಬಂದಿದ್ದರೆ ಎರಡು ಜೀವಿಗಳು ಬೆರೆತಿವೆ ಎಂದರ್ಥ, ಮತ್ತೆ ಹಂತ 1ಕ್ಕೆ ಹೋಗಿ. ಸರಿಯಿದ್ದರೆ ಸೆಕ್‌ಸೀರೋ2 ಅಥವಾ ಸಿಸ್ಟರ್ ಎಂಬ ಉಚಿತ ತಂತ್ರಾಂಶಗಳಿಗೆ ಕೊಡಿ. ಅವು ಓ ಸರಪಳಿ ಕಟ್ಟುವ ಜೀನ್‌ಗಳನ್ನೂ ಎರಡು ಕಶಾಂಗ ಜೀನ್‌ಗಳನ್ನೂ ಹುಡುಕಿ ಸೂತ್ರ ಹೇಳುತ್ತವೆ. ಹಂತ ತಿರುಗಿಸುವ ಕಾಟ ಇಲ್ಲಿಲ್ಲ, ಎರಡೂ ಜೀನ್‌ಗಳು ಡಿಎನ್‌ಎಯಲ್ಲಿ ಸದಾ ಇರುತ್ತವೆ. ಆದರೆ ಓ:2 ಮತ್ತು ಓ:9 ನಡುವೆ ಎಚ್ಚರ ಬೇಕು. ಎರಡರ ಜೀನ್ ಗುಂಪೂ ಹೆಚ್ಚುಕಡಿಮೆ ಒಂದೇ. ಪ್ಯಾರಾಟೋಸನ್ನು ಟೈವೆಲೋಸಾಗಿ ಮಾರ್ಪಡಿಸುವ ಜೀನ್ ಪ್ಯಾರಾಟೈಫಿ ಎಯಲ್ಲಿ ಕೆಟ್ಟುಹೋಗಿದೆ, ಅಷ್ಟೇ ವ್ಯತ್ಯಾಸ.

ಆಮೇಲೆ ಏಳು ಜೀನ್‌ಗಳ ಅನುಕ್ರಮ ಹೋಲಿಸಿ ಕೊಡುವ ಎಂಎಲ್‌ಎಸ್‌ಟಿ ಸಂಖ್ಯೆ (ಎಸ್‌ಟಿ) ತೆಗೆಯಿರಿ. ಟೈಫಿಮ್ಯೂರಿಯಂ ಸಾಮಾನ್ಯವಾಗಿ ಎಸ್‌ಟಿ19, ಎಂಟೆರಿಟಿಡಿಸ್ ಎಸ್‌ಟಿ11. ಇಲ್ಲಿ ಸೀರೋವಾರ್ ಪದ್ಧತಿಯ ಮಿತಿ ಬಯಲಾಗುತ್ತದೆ: ಕೆಂಟಕಿ ಎಂಬ ಒಂದೇ ಹೆಸರಿನಡಿಯಲ್ಲಿ ಎಸ್‌ಟಿ198 ಮತ್ತು ಎಸ್‌ಟಿ152 ಎಂಬ ದೂರದ ಎರಡು ವಂಶಗಳಿವೆ. ನ್ಯೂಪೋರ್ಟ್ ಕೂಡ ಹಾಗೆಯೇ. ಕಶಾಂಗ ಮತ್ತು ಓ ಜೀನ್‌ಗಳು ಒಂದು ವಂಶದಿಂದ ಇನ್ನೊಂದಕ್ಕೆ ದಾಟುವುದರಿಂದ ಹೀಗಾಗುತ್ತದೆ.

ಸಾಂಕ್ರಾಮಿಕದ ಮೂಲ ಹುಡುಕುವಾಗ ಇದಕ್ಕಿಂತ ಸೂಕ್ಷ್ಮವಾದ ಹೋಲಿಕೆ ಬೇಕು. 2012ರಲ್ಲಿ ಅಮೆರಿಕದಲ್ಲಿ ಭಾರತದಿಂದ ಹೋದ ಹೆಪ್ಪುಗಟ್ಟಿದ ಹಸಿ ಟ್ಯೂನಾ ಮೀನಿನಿಂದ 425 ಮಂದಿ ಕಾಯಿಲೆ ಬಿದ್ದರು. ಸೀರೋವಾರ್‌ಗಳು ಬರೇಲಿ ಮತ್ತು ಎನ್‌ಚಾಂಗಾ. ಆಗ ಬಳಕೆಯಲ್ಲಿದ್ದ, ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಪಲ್ಸ್ಡ್ ಫೀಲ್ಡ್ ಜೆಲ್ ವಿಧಾನದಲ್ಲಿ ಈ ಬರೇಲಿಯೂ ಸಂಬಂಧವಿಲ್ಲದ ಹಳೆಯ ಬರೇಲಿ ತಳಿಗಳೂ ಒಂದೇ ರೀತಿ ಕಂಡಿದ್ದವು. ಜೀನೋಮಿನ ಒಂದೊಂದು ಅಕ್ಷರ ಹೋಲಿಸಿದಾಗಲೇ ಅವು ಬೇರೆಬೇರೆಯಾದವು.

ಹಾಗಾದರೆ ಸೀರಂ ಸೀಸೆಗಳನ್ನು ಎಸೆಯಬಹುದೇ? ಜೀನೋಮ್ ಯಂತ್ರ ಇಲ್ಲದ ಜಿಲ್ಲಾ ಮಟ್ಟದ ಲ್ಯಾಬಿನಲ್ಲಿ ಇನ್ನೂ ಬಹಳ ಕಾಲ ಆಗದು. ಜೀನೋಮ್ ವರದಿ ಕೂಡ ಕೊನೆಗೆ ಸೀರೋವಾರ್ ಹೆಸರಿನಲ್ಲೇ ಮಾತಾಡುತ್ತದೆ, ವೈದ್ಯರಿಗೂ ಆಹಾರ ಅಧಿಕಾರಿಗಳಿಗೂ ಅರ್ಥವಾಗುವುದು ಅದೇ.

ವರದಿ ಬರೆಯುವುದು

ಮೊದಲ ಸಲ ಪೂರ್ಣ ಹೆಸರು ಬರೆಯಿರಿ: ಸಾಲ್ಮೊನೆಲ್ಲಾ ಎಂಟೆರಿಕಾ ಉಪಪ್ರಭೇದ ಎಂಟೆರಿಕಾ ಸೀರೋವಾರ್ ಟೈಫಿಮ್ಯೂರಿಯಂ. ಆಮೇಲೆ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂದರೆ ಸಾಕು. ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲ, ಪ್ರಭೇದ, ಉಪಪ್ರಭೇದಗಳು ಓರೆ ಅಕ್ಷರದಲ್ಲಿ, ಸೀರೋವಾರ್ ನೇರ ಅಕ್ಷರದಲ್ಲಿ, ಮೊದಲಕ್ಷರ ದೊಡ್ಡದು. "ಟೈಫಾಯಿಡೇತರ ಸಾಲ್ಮೊನೆಲ್ಲಾ" ಎಂಬುದು ವೈದ್ಯರ ಅನುಕೂಲದ ಗುಂಪು. ವರ್ಗೀಕರಣದ ಯಾವ ಮೆಟ್ಟಿಲೂ ಅಲ್ಲ, ತಳಿಯ ಹೆಸರಿನ ಜಾಗದಲ್ಲಿ ಅದನ್ನು ಬರೆಯಬೇಡಿ.

ಹೆಸರಿನ ಜೊತೆಗೆ ನೀವು ನಿಜವಾಗಿ ಕಂಡ ಸೂತ್ರವನ್ನೂ ಬರೆಯಿರಿ, ಪಟ್ಟಿಯಲ್ಲಿರುವುದನ್ನು ನಕಲು ಮಾಡಬೇಡಿ. ಓ:5 ಸಿಗದಿದ್ದರೆ ಅದು ನಿಮ್ಮ ಸೂತ್ರದಲ್ಲಿ ಇರಬಾರದು. ನಿಮ್ಮಲ್ಲಿರುವ ಸೀರಂಗಳಿಂದ ಹೆಸರು ಸಿಗದಿದ್ದರೆ ತಳಿಯನ್ನು ಹಿಮಾಚಲದ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಸಾಲ್ಮೊನೆಲ್ಲಾ ಮತ್ತು ಎಶರೀಕಿಯಾ ಕೇಂದ್ರಕ್ಕೆ ಕಳಿಸಬಹುದು. ಸಕ್ಕರೆಯಿಲ್ಲದ ನ್ಯೂಟ್ರಿಯೆಂಟ್ ಅಗರ್ ಓರೆಯಲ್ಲಿ ಬೆಳೆಸಿ, ಬಿರಡೆ ಭದ್ರಪಡಿಸಿ, ಸೋಂಕು ಪದಾರ್ಥ ಸಾಗಿಸುವ ನಿಯಮದಂತೆ ಮೂರು ಪದರದ ಹೊದಿಕೆಯಲ್ಲಿ ಕಳಿಸಿ. ಜೊತೆಯ ಚೀಟಿಯಲ್ಲಿ ಮಾದರಿಯ ಮೂಲ, ದಿನಾಂಕ, ಜೀವರಾಸಾಯನಿಕ ಫಲಿತಾಂಶಗಳು, ಪ್ರಯತ್ನಿಸಿದ ಸೀರಂಗಳು, ಅವುಗಳಲ್ಲಿ ಋಣ ಬಂದವು ಯಾವುವು ಎಂಬುದೂ ಇರಲಿ. ಅದೇ ತಳಿಯ ಒಂದು ಪ್ರತಿಯನ್ನು ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ನಿಮ್ಮಲ್ಲೇ ಇಟ್ಟುಕೊಳ್ಳಿ.